ಹೆಣ್ಣೊಪ್ಪಿಸುವ ಹಾಡಿಗೆ ಡಿಸ್ಕೋ ತಾಳ

ಊಟದ ಎರಡನೇ ಪಂಕ್ತಿ ಏಳುವ ಹೊತ್ತಿಗೆ ಡಿಜೆ ರಂಗೇಶ್ ಧೈರ್ಯ ಮಾಡಿ ತನ್ನದೇ ಹಾಡನ್ನು ಹಾಕಿಬಿಟ್ಟ. ತೋವಿನಕೆರೆಯ ಆ ಮದುವೆ ಚಪ್ಪರದಲ್ಲಿ ಬೆಳಗಿನಿಂದ ಸಿನಿಮಾ ಹಾಡು ಹಾಕಿ ಹಾಕಿ ಅವನಿಗೆ ರೋಸಿಹೋಗಿತ್ತು. ಹೌಸ್ ಸಂಗೀತವೆಂದರೆ ಅವನಿಗೆ ಪ್ರಾಣ. ಹಳೆಯ ಡಿಸ್ಕೋ ತಾಳ ಒಂದೇ ಸಮ ಬಡಿಯುತ್ತಿರಬೇಕು, ಅದರ ಮೇಲೊಂದು ಹೆಣ್ಣುದನಿ ಎದೆತುಂಬಿ ಹಾಡಬೇಕು, ಕೇಳಿದವರ ಕಾಲು ಸುಮ್ಮನಿರಬಾರದು. ಆ ದನಿಗಾಗಿ ಅವನು ದೂರವೇನೂ ಹೋಗಿರಲಿಲ್ಲ. ಸೋಬಾನೆ ಹಾಡುವ ತಾಯಿ ಮಂಜಮ್ಮ ಒಲೆ ಮುಂದೆ ಕೂತು ಹಾಡಿಕೊಳ್ಳುತ್ತಿದ್ದಾಗ ಮೊಬೈಲಿನಲ್ಲಿ ಹಿಡಿದುಕೊಂಡಿದ್ದ. ರಾಗಕ್ಕೆ ಮರುಳಾದ ಪುಣ್ಯಾತ್ಮ ಪದದ ಕಡೆ ಕಿವಿಯನ್ನೇ ಕೊಟ್ಟಿರಲಿಲ್ಲ.

ತಾಳದ ಅಬ್ಬರದಲ್ಲಿ ಹೆಂಗಸರಿಗೂ ಪದ ಕೇಳಿಸಲಿಲ್ಲ. ನಾಚುತ್ತಲೇ ಎದ್ದು ಕುಣಿದರು. ಮದುಮಗಳು ಬಿಂದುಶ್ರೀಯೂ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಬಂದಳು. ತನ್ನ ಹಾಡಿಗೆ ಜನ ಕುಣಿಯುವುದನ್ನು ಮೊದಲ ಸಲ ನೋಡಿದ ರಂಗೇಶನ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ, ಆ ಮದುವೆಗೂ ಸೋಬಾನೆ ಹಾಡಲು ಬಂದಿದ್ದ ಮಂಜಮ್ಮ ಎಲೆಅಡಿಕೆ ಉಗಿದು ಓಡಿಬಂದಳು. ಅದು ಹೆಣ್ಣೊಪ್ಪಿಸುವಾಗಿನ ಹಾಡು. ಮದುವೆಮನೆಯಲ್ಲಿ ಶುರುವಾದರೆ ನಡುವೆ ನಿಲ್ಲಿಸುವಂತಿಲ್ಲ, ಮುಗಿದೊಡನೆ ಹುಡುಗಿ ಹೊಸಿಲು ದಾಟಲೇಬೇಕು. ಆದರೆ ಗುರುವಾರದ ರಾಹುಕಾಲ ಕಳೆಯುವುದು ಮೂರಕ್ಕೆ, ಅದಕ್ಕೆ ಇನ್ನೂ ಅರ್ಧ ಗಂಟೆ ಇತ್ತು.

"ಮೂರಾಗೋಗಂಟ ಮುಗೀಬಾರ್ದು ಕಣ್ಲಾ. ಹೆಂಗಾನ ಮಾಡು."

ಅದು ಅವನಿಗೆ ನೀರು ಕುಡಿದಷ್ಟು ಸುಲಭ. ಕೊನೆಯ ಸಾಲು ಬರುವ ಮೊದಲೇ ಹಾಡನ್ನು ಹಿಂದಕ್ಕೆ ತಿರುಗಿಸಿದ, ಮತ್ತೆ ತಿರುಗಿಸಿದ. ಯಾವ ಹಾಡೆಂಬುದು ಬಾಯಿಂದ ಬಾಯಿಗೆ ಹರಡಿತು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು, ಆದರೆ ಕುಣಿಯುವುದನ್ನು ಮಾತ್ರ ಬಿಡಲಿಲ್ಲ.

ಮೂರಾಯಿತು. ಸಿರಾದ ಬೀಗರು ಕಾರಿನ ಬಾಗಿಲು ತೆಗೆದು ನಿಂತರು. ಹಾಡು ಮುಗಿಸಲು ರಂಗೇಶ್ ಕೈ ಚಾಚಿದಾಗ ಮದುಮಗಳ ತಾಯಿ ಇಂದ್ರಮ್ಮ ಬಂದು ಅವನ ಮಣಿಕಟ್ಟು ಹಿಡಿದುಕೊಂಡಳು.

"ಇನ್ನೊಂದು ಸುತ್ತು ಬರ್ಲಿ ಕಣಪ್ಪ."

ಬಂತು. ಇನ್ನೊಂದು ಕೇಳಿದಳು, ಅದೂ ಬಂತು. ನಾಲ್ಕನೆಯದಕ್ಕೆ ಬೀಗರು ಮುಖ ಗಂಟಿಕ್ಕಿದರು. ಏನು ಮಾಡಲೆಂದು ರಂಗೇಶ್ ತಾಯಿಯ ಕಡೆ ನೋಡಿದರೆ ಮಂಜಮ್ಮ ಮುಖ ತಿರುಗಿಸಿಕೊಂಡಳು. ಮಗಳನ್ನು ಕಳಿಸಲಾರದ ಇಂದ್ರಮ್ಮನಿಗೆ ಇಲ್ಲ ಅನ್ನಲು ಅವನಿಗೂ ಮನಸ್ಸು ಬರಲಿಲ್ಲ. ತನ್ನ ಹಾಡಿಗೆ ಇಷ್ಟು ಶಕ್ತಿಯಿದೆಯೆಂಬ ಹೆಮ್ಮೆಗಿಂತ ಸಂಕಟವೇ ಹೆಚ್ಚಾಯಿತು.

ಆಗ ಬಿಂದುಶ್ರೀ ಕುಣಿತ ಬಿಟ್ಟು ಅವನ ಹತ್ತಿರ ಬಂದಳು. ಅಮ್ಮನಿಗೆ ಕೇಳಿಸದಂತೆ ಬಾಗಿ ಹೇಳಿದಳು:

"ಮುಗ್ಸಣ್ಣ. ಅಮ್ಮಂಗೆ ಮಂಡಿನೋವು. ನಾನು ಹೋಗೋಗಂಟ ಅವ್ಳು ಕೂತ್ಕಳಕಿಲ್ಲ."