ಕಿಟಕಿ ಬೆಳಕು

ಬೆಳಿಗ್ಗೆ ಹತ್ತು ನಲವತ್ತು. ಫೋಟೋ ಸ್ಟುಡಿಯೋದ ಮಾಲೀಕ ಅದೇ ದೂರನ್ನು ಮೂರನೆಯ ಸಲ ಪೊಲೀಸ್ ಠಾಣೆಗೆ ತಂದಿದ್ದ.

"ಮೇಡಂ, ನಮ್ಮ ಗುಬ್ಬಿ ಸ್ಕೂಲಿಗೆ ಹೋಗಿ ಹನ್ನೊಂದು ದಿನ ಆಯ್ತು. ನೀವಿನ್ನೂ ಪರಿಶೀಲಿಸ್ತಾನೇ ಇದೀರಾ?"

ಗುಬ್ಬಿ ಅವನ ಮಗಳು. ಹದಿಮೂರು ವರ್ಷ.

ಸೈಬರ್ ವಿಭಾಗದ ಅಧಿಕಾರಿ ಗುಬ್ಬಿಯ ಫೋಟೋಗಳ ಮೂರು ಪ್ರಿಂಟುಗಳನ್ನು ಮೇಜಿನ ಮೇಲೆ ಹರಡಿದಳು. ಐದರ ವಯಸ್ಸಿನಲ್ಲಿ ಮೂಗು ಸುರಿಸುತ್ತ ಅತ್ತದ್ದು. ಹಲ್ಲಿಗೆ ತಂತಿ ಹಾಕಿಸಿದ ದಿನ ಬಾಯಿ ಊದಿಕೊಂಡದ್ದು. ಕಳೆದ ತಿಂಗಳು ಪುಸ್ತಕದ ಮೇಲೆ ಜೊಲ್ಲು ಸುರಿಸಿ ನಿದ್ದೆಹೋದದ್ದು. ಮೂರರ ಮೇಲೂ ದಪ್ಪ ಅಕ್ಷರದಲ್ಲಿ 'ಗೊಣ್ಣೆ ರಾಣಿ' ಎಂದು ಬರೆದು ಶಾಲೆಯ ಗುಂಪುಗಳಿಗೆಲ್ಲ ಹಂಚಿದ್ದರು.

"ಹಂಚಿದವರು ಸಿಕ್ಕಿದಾರೆ. ಅವಳ ಕ್ಲಾಸಿನ ನಾಲ್ಕು ಮಕ್ಕಳು. ನಾಳೆ ಅಪ್ಪ ಅಮ್ಮನ ಜೊತೆ ಬರ್ತಾರೆ."

"ಅವರೆಲ್ಲ ಬಾಲಗೋಚಿಗಳು! ಫೋಟೋ ಹೊರಗೆ ಬಿಟ್ಟೋರು ಯಾರು, ಅದನ್ನ ಹೇಳಿ."

"ಮನೆಯೊಳಗೆ ಬಂದುಹೋಗೋರೇ ಆಗಿರಬೇಕಲ್ವಾ?"

"ನಾನು ಬಡ್ಕೊಳ್ತಿರೋದೂ ಅದೇ! ಅವಳ ಗೆಳತಿ ಇದಾಳಲ್ಲ, ದಿನಾ ನಮ್ಮನೇಲೇ ಬಿದ್ದಿರೋಳು. ಹೊಸಿಲು ತುಳೀಬೇಡ ಅಂದೆ. ಗುಬ್ಬಿ ಫೋನೂ ಕಿತ್ತು ಬೀರುವಿನಲ್ಲಿಟ್ಟೆ. ಇನ್ನೇನು ಮಾಡ್ಲಿ?"

"ಮಗಳು ಏನಂತಾಳೆ?"

"ನನ್ನ ಜೊತೆ ಮಾತೇ ಬಿಟ್ಟಿದಾಳೆ."

ಅವನ ಫೋನು ಮೇಜಿನ ಮೇಲೆ ಮತ್ತೆ ಮತ್ತೆ ನಡುಗಿತು. ನೋಡದೆಯೇ ಕವುಚಿ ಹಾಕಿದ.

ಅಧಿಕಾರಿ ಮೂರನೆಯ ಪ್ರಿಂಟನ್ನು ಎತ್ತಿ ಹಿಡಿದಳು. "ಚೆನ್ನಾಗೇ ತೆಗೆದಿದಾರೆ."

"ಕಿಟಕಿ ಬೆಳಕು," ಎಂದ ಅವನು ತಟ್ಟನೆ. "ಸಂಜೆ ಐದಕ್ಕೆ ಮಾತ್ರ ಹಾಗೆ ಬೀಳೋದು."

ಅವಳು ಪ್ರಿಂಟನ್ನು ಕೆಳಗಿಟ್ಟಳು. ಆಮೇಲೆ ಡ್ರಾಯರ್ ಎಳೆದು, ನೋಟ್‌ಬುಕ್ಕಿನಿಂದ ಹರಿದ ಹಾಳೆಯೊಂದನ್ನು ತೆಗೆದಳು.

"ಇದೇ ಫೋಟೋಗಳ ಬಗ್ಗೆ ಇನ್ನೊಂದು ದೂರು ಬಂದಿದೆ. ನಿನ್ನೆ, ಅಂಚೆಯಲ್ಲಿ."

"ಅಂಚೇಲಾ? ಈ ಕಾಲದಲ್ಲಿ?"

"ಬರೆದವರ ಹತ್ರ ಫೋನಿಲ್ಲವಂತೆ."

ಅವನು ಕೈಚಾಚಿ ತೆಗೆದುಕೊಂಡ. ಗುಂಡಗಿನ ಅಕ್ಷರ ನೋಡಿದೊಡನೆ ಗುರುತು ಸಿಕ್ಕಿತು.

"ದಯವಿಟ್ಟು ಈ ಆನ್‌ಲೈನ್ ಪುಟವನ್ನು ಅಳಿಸಿ. ಕ್ಲಾಸಿನವರು ಎಲ್ಲ ಫೋಟೋಗಳನ್ನೂ ಇಲ್ಲಿಂದಲೇ ತೆಗೆಯುತ್ತಾರೆ. ಹಾಕಬೇಡಿ ಅಂತ ಏಳು ಸಲ ಹೇಳಿದೆ, ನಕ್ಕರು. ಪುಟದ ಹೆಸರು: ಅಪ್ಪನ ಗುಬ್ಬಿ. ನೋಡುವವರು: ಆರು ಸಾವಿರದ ಇನ್ನೂರು. ನಡೆಸುವವರು: ನನ್ನ ಅಪ್ಪ."

ಕವುಚಿದ್ದ ಫೋನು ಮತ್ತೆ ನಡುಗಿತು. ಮುಸುಕೆಳೆದು ಮಲಗಿದ ಮಗಳ ಫೋಟೋವನ್ನು 'ಧೈರ್ಯವಾಗಿರು ಕಂದ' ಎಂದು ಬರೆದು ಅವನು ಬೆಳಿಗ್ಗೆ ಎಂಟಕ್ಕೆ ಅದೇ ಪುಟಕ್ಕೆ ಹಾಕಿದ್ದ, ಅದಕ್ಕೆ ಮುನ್ನೂರನೆಯ ಮೆಚ್ಚುಗೆ ಬಂದಿತ್ತು.