ಫಕೀರವ್ವ ತೊಳೆದ ಫ್ಲಾಸ್ಕ್

ಎರಡು ನಿಮಿಷ ಕೊಟ್ಟು ಪೂರ್ತಿ ಓದಿ... ಕಣ್ಣು ಒದ್ದೆಯಾದರೆ ನನ್ನನ್ನು ಬೈಯಬೇಡಿ.

ಧಾರವಾಡದ ಒಂದು ಲ್ಯಾಬ್‌ನಲ್ಲಿ ಶ್ರೀಶೈಲ ಎಂಬ ಸಂಶೋಧನಾ ವಿದ್ಯಾರ್ಥಿ ಇದ್ದ.

ಬ್ರೆಡ್ ಉಬ್ಬಿಸುವ ಯೀಸ್ಟ್ ಎಂಬ ಕಣ್ಣಿಗೆ ಕಾಣದ ಜೀವಿ ಇದೆಯಲ್ಲ... ಅದರ ಜೀನ್ ತಿದ್ದಿ, ಅದರಿಂದಲೇ ಇನ್ಸುಲಿನ್ ಮಾಡಿಸಿ, ಆ ಇನ್ಸುಲಿನ್‌ಗೆ ಕೊಬ್ಬಿನ ಒಂದು ಪುಟ್ಟ ಬಾಲ ಅಂಟಿಸುವುದು ಅವನ ಕೆಲಸ.

ಬಾಲ ಇದ್ದರೆ ಔಷಧ ಮೈಯಲ್ಲಿ ಹೆಚ್ಚು ದಿನ ನಿಲ್ಲುತ್ತದೆ... ಸಕ್ಕರೆ ಕಾಯಿಲೆಯವರಿಗೆ ಸೂಜಿಯ ಕಾಟ ಕಡಿಮೆ.

ಬಾಲದ ಮಾತು ಹಾಗಿರಲಿ... ಮೂರು ತಿಂಗಳಿಂದ ಅವನ ಯೀಸ್ಟ್ ಬದುಕುತ್ತಲೇ ಇರಲಿಲ್ಲ!

ಅದೇ ನೀರು, ಅದೇ ಆಹಾರ, ಅದೇ ಮಷಿನ್... ಪಕ್ಕದ ಟೇಬಲ್‌ನವರ ಯೀಸ್ಟ್ ಹಾಲಿನಂತೆ ಬೆಳ್ಳಗೆ ಬೆಳೆಯುತ್ತಿತ್ತು. ಇವನದು ಮಾತ್ರ ಸಾಯುತ್ತಿತ್ತು. ಯೋಚಿಸಿ ಯೋಚಿಸಿ ತಲೆ ಮೊಸರುಗಡಿಗೆಯಾಯಿತು.

"ಶುಕ್ರವಾರದೊಳಗ ಬೆಳೀಲಿಲ್ಲಂದ್ರ ಪ್ರಾಜೆಕ್ಟ್ ಬಂದ್" ಎಂದರು ಗೈಡ್ ಮೇಡಂ.

ಮರುದಿನ ಬೆಳಿಗ್ಗೆ ಬೇಗ ಬಂದವನು ತೊಳೆಯುವ ಕೋಣೆಯಲ್ಲಿ ಕಂಡದ್ದೇನು?

ಗಾಜಿನ ಸಾಮಾನು ತೊಳೆಯುವ ಫಕೀರವ್ವ, ಸೊಂಟದಿಂದ ಪುಟ್ಟ ಬಾಟಲಿ ತೆಗೆದು, ಯೀಸ್ಟ್ ಬೆಳೆಸುವ, ಅವನ ಹೆಸರಿದ್ದ ಗಾಜಿನ ಫ್ಲಾಸ್ಕ್‌ಗಳ ಒಳಗೆ ಮಾತ್ರ ಏನನ್ನೋ ಸವರುತ್ತಿದ್ದಳು!

"ಏನ್ ಹಚ್ಚಾಕತ್ತೀಯವ್ವಾ? ನಾ ನಿನಗೇನ್ ಅನ್ಯಾಯ ಮಾಡೀನಿ?" ಎಂದು ಕಿರುಚಿದ.

ಆಕೆ ಗಾಬರಿಯಾದಳು...

"ಗಾಯ ತೊಳಿಯೋ ಔಷಧರೀ ಸರ... ನಿಮ್ಮ ಬಾಟ್ಲಿಯೊಳಗ ಒಂದು ಹುಳಾನೂ ಉಳೀಬಾರದು ಅಂತ ಮೂರು ತಿಂಗಳಿಂದ ದಿನಾ ಹಚ್ಚತೀನ್ರೀ. ನನ್ನ ಮಗಳಿಗೆ ಹನ್ನೊಂದು ವರ್ಷ... ದಿನಕ್ಕ ನಾಕ ಸಲ ಸೂಜಿ ಚುಚ್ಚಕೋತಾಳ. ನಿಮ್ಮ ಔಷಧ ಬಂದ್ರ ಸೂಜಿ ಕಡಿಮಿ ಆಗ್ತಾವಂತ ನೀವು ಫೋನಿನ್ಯಾಗ ಹೇಳಿದ್ದು ಕೇಳಿದ್ದೆ..."

ಶ್ರೀಶೈಲ ಆಕೆಯ ಕೈಯಿಂದ ಬಾಟಲಿ ಮೆಲ್ಲಗೆ ತೆಗೆದುಕೊಂಡ.

"ಯವ್ವಾ... ಅದರೊಳಗ ನಾ ಬೆಳಸೋ ಹುಳಾನ ಔಷಧ ಮಾಡೋದು..."

"ಹಂಗಾದ್ರ ನನ್ನ ಮಗಳ ಔಷಧಾನ ನಾನ ಕೊಂದ್ನೇನ್ರೀ?" ಆಕೆ ಅಲ್ಲೇ ಕುಸಿದು ಕುಳಿತಳು.

ಎರಡು ವರ್ಷದಿಂದ ದಿನಾ ಆಕೆಯ ಕೈಗೆ ಫ್ಲಾಸ್ಕ್ ಕೊಟ್ಟಿದ್ದ... ಅದರೊಳಗೆ ಏನು ಬೆಳೆಸುತ್ತೇನೆ ಎಂದು ಒಮ್ಮೆಯೂ ಹೇಳಿರಲಿಲ್ಲ. ಅವನ ಕಣ್ಣೂ ತುಂಬಿತು.

ಗೈಡ್ ಮೇಡಂ ಬಳಿ ಹೋಗಿ, "ತೊಳಿಯೋರಿಗೆ ನಾನ ತಿಳಿಸಿ ಹೇಳಿರಲಿಲ್ರೀ ಮೇಡಂ, ತಪ್ಪು ನಂದು" ಎಂದ. ಮೇಡಂ ಇನ್ನೊಂದು ತಿಂಗಳು ಕೊಟ್ಟರು.

ಈ ಸಲ ಫ್ಲಾಸ್ಕ್ ಬೆಳ್ಳಗಾಯಿತು! ಫಕೀರವ್ವನನ್ನು ಕರೆದು ಮೈಕ್ರೋಸ್ಕೋಪ್‌ನಲ್ಲಿ ತೋರಿಸಿದ.

ಆಕೆ ಬಹಳ ಹೊತ್ತು ನೋಡಿದಳು. "ಇವಕ್ಕ ಹೊಟ್ಟಿಗೆ ಏನ್ ಹಾಕ್ತೀರಿ ಸರ?"

"ಸಕ್ಕರಿ, ಯವ್ವಾ."

ಆಕೆ ಅಳುತ್ತಲೇ ನಕ್ಕಳು... "ತಿನ್ಲಿ ಬಿಡ್ರೀ... ನನ್ನ ಮಗಳ ಪಾಲಿಂದೂ ಇವ ತಿನ್ಲಿ!"

ಪ್ರೀತಿಯಿಂದ ದುಡಿಯುವ ಕೈಗೆ ಅದು ಏನನ್ನು ಕಾಪಾಡಬೇಕು ಎಂದು ತಿಳಿಸುವುದು ನಮ್ಮ ಕೆಲಸ.

ನಿಮ್ಮ ಕೆಲಸಕ್ಕೆ ದಿನಾ ಕೈ ಹಚ್ಚುವವರಿಗೆ... ಆ ಕೆಲಸ ಏನೆಂದು ನೀವು ಎಂದಾದರೂ ಹೇಳಿದ್ದೀರಾ?