ಸೋದರಮಾವನ ಜೇನು

ಕೂಸು ಹುಟ್ಟಿ ತಾಸಿನ ಮೇಲಾಗಿತ್ತು; ಬಾಯಿಗೆ ಇನ್ನೂ ಒಂದು ಹನಿ ಬಿದ್ದಿರಲಿಲ್ಲ. ಮುಷ್ಟಿ ಚೀಪಿ ಚೀಪಿ, ಅತ್ತು ಅತ್ತು, ಈಗ ಬೆಕ್ಕಿನ ಮರಿಯ ಹಾಗೆ ಕುಂಯ್‌ಗುಡುತ್ತಿತ್ತು. ಅದನ್ನು ಮಡಿಲಲ್ಲಿಟ್ಟುಕೊಂಡ ಅಜ್ಜಿ ಅಕ್ಕವ್ವನ ಕಣ್ಣು ಮಾತ್ರ ಬಾಗಿಲ ಮೇಲೆ.

"ಯವ್ವಾ, ಕೊಡಬೇ ಇಲ್ಲಿ," ಬಾಣಂತಿ ಕಾಜಲ್ ಕೈ ಚಾಚಿದಳು. ದವಾಖಾನೆಯ ಗಾಡಿ ಬರುವುದರೊಳಗೆ ತವರುಮನೆಯಲ್ಲೇ ಹೆರಿಗೆಯಾಗಿತ್ತು. "ತಾಸಿನ್ಯಾಗ ಮೊಲಿಗಿ ಹಚ್ಚು, ಬ್ಯಾರೆ ಏನೂ ನೆಕ್ಕಿಸಬ್ಯಾಡ ಅಂತ ನರ್ಸಬಾಯಿ ಮೊನ್ನೆ ಬಂದಾಗನ ಬಡಕೊಂಡು ಹೇಳಿ ಹೋಗ್ಯಾಳ."

"ನರ್ಸಬಾಯಿಗೇನು, ಪಗಾರ ತಗೋತಾಳ, ಹೇಳತಾಳ. ಮೊದಲ ಜೇನು ಯಾರು ನೆಕ್ಕಸತಾರೋ ಅವರ ಗುಣ ಕೂಸಿಗಿ ಬರತೈತಿ. ನಮ್ಮಣ್ಣ ಸನಮಡಿ ಊರು ಬಿಟ್ಟಾನಂತ, ಇನ್ನೇನ ಬರತಾನ. ಅವನ ಬೆರಳಿಂದನ ಆಗಬೇಕು."

ಸೋದರಮಾವ ಮಹಾಂತನ ಗುಣ! ಐದು ವರ್ಷಕ್ಕೆ ನಾಲ್ಕು ಪಕ್ಷ ತಿರುಗಿದ ಪುಢಾರಿ ಅವನು. ಇವತ್ತು ಯಾರ ಶಾಲು ಹೊದ್ದು ಹೊರಟಿದ್ದಾನೆಂಬುದು ಅವನ ಹೆಂಡತಿಗೂ ಖಾತ್ರಿಯಿರುತ್ತಿರಲಿಲ್ಲ. ಆ ಗುಣಕ್ಕಾಗಿ ಈ ಹಸುಗೂಸಿಗೆ ಉಪವಾಸ. ಕಾಜಲ್ ಸಣ್ಣವಳಿದ್ದಾಗ ಕೇಳಿದ ಕಥೆಗಳಲ್ಲಿ ರಾಕ್ಷಸಿ ಕೂಡ ಕದ್ದು ತಂದ ಕೂಸಿಗೆ ಮೊದಲು ಹಾಲೂಡಿಸಿ, ಆಮೇಲೆ ಮುಂದಿನ ಮಾತಾಡುತ್ತಿದ್ದಳು.

ಅಷ್ಟರಲ್ಲಿ ಕುರಿಹಟ್ಟಿಯಿಂದ ಅಪ್ಪ ಅಮೋಗಸಿದ್ದನ ಕೂಗು ಬಂತು: "ಏ ಇಕಿನ! ಕರೇ ಕುರಿ ಈದೈತಿ, ಲಗೂನ ಬಂದು ಹಿಡಿ. ಮರಿ ಹೊಟ್ಟಿಗಿ ಗಿಣ್ಣದ ಹಾಲು ಬೀಳಲಿಲ್ಲಂದ್ರ ಸಂಜಿತನಕ ಉಳಿಯಂಗಿಲ್ಲ!"

ಅಕ್ಕವ್ವ ಕೂಸನ್ನು ಕೌದಿಯ ಮೇಲೆ ಬಿಟ್ಟು, ಸೀರೆ ಮೇಲೆತ್ತಿ ಕಟ್ಟಿ ಓಡಿದಳು.

"ಅಪ್ಪಾ," ಕಾಜಲ್ ಮಲಗಿದ್ದಲ್ಲಿಂದಲೇ ಕೂಗಿದಳು, "ಮರಿಗಿ ಜೇನು ನೆಕ್ಕಸಾಕ ಯಾರು ಬರಬೇಕು? ಮಾಮಾನ ದಾರಿ ಕಾಯೂದಿಲ್ಲೇನು?"

"ಹುಚ್ಚ ಹುಡುಗಿ! ಮರಿಗೆಂಥಾ ಜೇನು? ನಲವತ್ತ ವರ್ಷ ಕುರಿ ಕಾಯ್ದೀನಿ. ಮೊದಲ ತಾಯಿ ಹಾಲು, ಉಳಿದದ್ದೆಲ್ಲಾ ಆಮ್ಯಾಲ!"

ತಾನೇನು ಹೇಳಿದೆನೆಂಬುದು ಅವನ ಕಿವಿಗೇ ಬೀಳಲಿಲ್ಲ. ಮಗಳ ಕಿವಿಗೆ ಬಿತ್ತು. ಕೂಸನ್ನೆತ್ತಿ ಎದೆಗೆ ಹಚ್ಚಿಕೊಂಡಳು. ಅದು ಎರಡು ಸಲ ತಡಕಾಡಿ, ಮೂರನೆಯ ಸಲಕ್ಕೆ ಗಟ್ಟಿಯಾಗಿ ಕಚ್ಚಿತು. ಹೊರಗೆ ಮರಿ ಅರಚುವುದು ನಿಂತಿತು. ಒಳಗೆ ಕೂಸಿನ ಅಳು ನಿಂತಿತು.

ಮಹಾಂತ ಬಂದಾಗ ಕೂಸು ಹೊಟ್ಟೆ ತುಂಬಿ ಅಂಗಾತ ಮಲಗಿತ್ತು. ತುಟಿಯಂಚಿನಲ್ಲಿ ಹಳದಿ ಹಾಲಿನ ಒಂದು ಹನಿ. ಅವನೋ ಬಾಗಿಲಲ್ಲೇ ಬಾಟಲಿ ಬಿಚ್ಚಿ, ಉಂಗುರದ ಬೆರಳನ್ನು ಜೇನಿನಲ್ಲಿ ಅದ್ದಿಕೊಂಡೇ ಒಳಬಂದಿದ್ದ. ಹಿಂದೆಯೇ ಬಂದ ಅಕ್ಕವ್ವ ಆ ಹಾಲಿನ ಹನಿ ನೋಡಿ ಹಣೆ ಬಡಿದುಕೊಂಡಳು.

"ಹಾಳ ಮಾಡಿದ್ಯಲ್ಲ ಖೋಡಿ! ಇನ್ನ ಇದಕ್ಕ ಯಾರ ಗುಣ ಬರಬೇಕು?"

"ಕುರಿಮರಿ ಗುಣ ಬಂದೈತಿ ಬೇ," ಮಾಮಾನ ಹೆಗಲ ಮೇಲಿನ ಹೊಸ ಶಾಲನ್ನು ನೋಡುತ್ತ ಕಾಜಲ್ ಹೇಳಿದಳು. "ಹಸಿವಾದ್ರ ತನ್ನ ತಾಯಿ ಕಡಿಗೇ ಹೋಗತೈತಿ. ಕಂಡಕಂಡವರ ಬಾಗಲಾ ಕಾಯಂಗಿಲ್ಲ."

ಜೇನು ತೊಟ್ಟಿಕ್ಕುವ ಬೆರಳನ್ನು ಎಲ್ಲಿ ಒರೆಸಬೇಕೆಂದು ತಿಳಿಯದೆ ಮಹಾಂತ ಅತ್ತಿತ್ತ ನೋಡಿದ. ಕಡೆಗೆ ತನ್ನ ಬಾಯಿಯಲ್ಲೇ ಇಟ್ಟುಕೊಂಡ.